ನಗೆ ಚಟಾಕಿ ಹಾರಿಸಲಾಗುವುದು

ನಮ್ಮ ಜೋರಾಪುರ ಪೇಟೆಯಲ್ಲಿ ಭಾಂಡೆ ಅಂಗಡಿಗಳಿಗೆ ಬರವಿಲ್ಲ. ಹಂಡೆ, ಕೊಡ, ತಾಟು, ತಂಬಿಗೆ ಯಾವ ಅಂಗಡಿಗೆ ಹೋದರೂ ಸಿಗುತ್ತವೆ. ಆದರೆ ಕುಕ್ಕರು ಕೇಳಿದರೆ ಮೊದಲು ಜೋಕು ತೋರಿಸಿ, ಆಮೇಲೆ ಕುಕ್ಕರು ತೋರಿಸುವ ಅಂಗಡಿ ಇಡೀ ವಿಜಯಪುರದಲ್ಲಿ ಒಂದೇ. ಅದು ನಮ್ಮ ಶಿವಶರಣಪ್ಪನದು. ಅದರ ಪಕ್ಕದ ಹಗ್ಗ, ಗೋಣಿಚೀಲದ ಅಂಗಡಿ ನನ್ನದು ಎಂದು ಹೇಳಿಕೊಳ್ಳಲು ನನಗೆ ಇವತ್ತಿಗೂ ಹೆಮ್ಮೆ. ನಡುವೆ ಇರುವುದು ಒಂದೇ ಗೋಡೆ, ಅದೂ ತೆಳ್ಳಗಿನದು. ಹೀಗಾಗಿ ಅವನ ಜೋಕುಗಳನ್ನು ನನ್ನಷ್ಟು ಕೇಳಿದ ಮನುಷ್ಯ ಭೂಮಿಯ ಮೇಲೆ ಇನ್ನೊಬ್ಬನಿಲ್ಲ.

"ಕುಕ್ಕರ ಯಾಕ ಸೀಟಿ ಹೊಡಿತೈತಿ ಗೊತ್ತೇನ್ರಿ?" ಎಂದು ಅವನು ಗಿರಾಕಿಯನ್ನು ಕೇಳುವುದು.

ಗಿರಾಕಿ ಅಂಜುತ್ತ, "ಇಲ್ಲರಿ" ಎನ್ನುವುದು.

"ಕೆಳಗ ಬೆಂಕಿ ಹಚ್ಚಿದ್ರ... ಹ್ಹ ಹ್ಹ ಹ್ಹ... ಕೆಳಗ ಬೆಂಕಿ ಹಚ್ಚಿದ್ರ... ಅಯ್ಯಯ್ಯೋ... ಹ್ಹ ಹ್ಹ..."

ಇಷ್ಟೇ. ಮುಂದಿನದು ಯಾರಿಗೂ ಕೇಳಿಸುತ್ತಿರಲಿಲ್ಲ. ಜೋಕು ಮುಗಿಯುವ ಮೊದಲೇ ಅವನಿಗೆ ನಗು ಬಂದು, ಕಣ್ಣಲ್ಲಿ ನೀರು ಬಂದು, ಅವನು ಪರಾತದ ಮೇಲೆ ಕೈಯೂರಿ, ಪರಾತ ಢಣ್ ಎಂದು ಬಿದ್ದು, ಗಿರಾಕಿ ಎದುರಿನ ಭಾಂಡೆ ಅಂಗಡಿಗೆ ಹೋಗಿರುತ್ತಿದ್ದ. "ಕೆಳಗ ಬೆಂಕಿ ಹಚ್ಚಿದ್ರ ನೀವೂ ಹೊಡಿತೀರಿ" ಎಂಬುದು ಆ ಜೋಕಿನ ತಿರುಳು ಎಂದು ನನಗೆ ತಿಳಿದದ್ದೇ ಒಮ್ಮೆ ಅವನಿಗೆ ಗಂಟಲು ಬಾತು ನಗಲಿಕ್ಕೆ ಬಾರದಂತಾದಾಗ.

ಇಂಥ ಶಿವಶರಣಪ್ಪನಿಗೆ ಒಂದು ದಿನ ತಾನು ಬರೀ ಭಾಂಡೆ ವ್ಯಾಪಾರಿ ಅಲ್ಲ, ಹಾಸ್ಯಗಾರ ಎಂದು ಖಾತ್ರಿಯಾಯಿತು. ಖಾತ್ರಿಯಾದ ಮೇಲೆ ಕಾರ್ಡು ಬೇಕಲ್ಲ? ನನ್ನನ್ನು ಕರೆದುಕೊಂಡು ಗಾಂಧಿ ಚೌಕದ ಹಿಂದಿನ ಗಲ್ಲಿಗೆ, ಜಹೀರನ ಪ್ರೆಸ್ಸಿಗೆ ಹೊರಟ.

ಜಹೀರ ಮದುವೆ ಕಾರ್ಡು ಅಚ್ಚು ಹಾಕುವವನು. ನಾಲ್ಕು ಭಾಷೆಯ ಅಕ್ಷರ ಕೂಡಿಸಿ ಕೂಡಿಸಿ, ಯಾವ ಮಾತಿಗೂ ನಾಲ್ಕು ಅರ್ಥ ಹುಡುಕುವ ಚಾಳಿ ಅವನಿಗೆ.

"ಏನಂತ ಹಾಕಲಿ? ‘ಜೋಕ ಹೇಳುವವರು’ ಅಂತ?" ಎಂದ ಜಹೀರ.

"ಛೇ, ಜೋಕ ಯಾರ ಬೇಕಾದ್ರೂ ಹೇಳ್ತಾರ. ತೂಕದ ಮಾತ ಬೇಕು."

"ಹಂಗಾದ್ರ ‘ನಗೆಹನಿ’ ಅಂತ ಹಾಕೋಣು."

"ಹನಿ ಅಂದ್ರ ಮಂದಿ ಕಣ್ಣಾಗ ಹಾಕೂ ಔಷಧ ತಿಳಕೊಂತಾರ."

"ಚುಟುಕು?"

"ಚುಟುಕು ಅಂದ ಕೂಡ್ಲೆ ನಮ್ಮ ಮಂದಿಗೆ ಚಿಟಿಕಿ ಉಪ್ಪು ನೆನಪಾಕ್ಕೈತಿ. ಇಷ್ಟ ಅಂತ ಬೆರಳ ತೋರಸ್ತಾರ. ಮರ್ಯಾದಿ ಇಲ್ಲ."

"ಮಶ್ಕಿರಿ?"

"ಮಶ್ಕಿರಿ ಅಂತ ಕಾರ್ಡ ಕೊಟ್ರ ಮಂದಿ ಹೊಡಿಯಾಕ ಬರ್ತಾರೋ!"

ಜಹೀರ ತಲೆ ಕೆರೆದುಕೊಂಡ. "ನಮ್ಮ ಕಡೆ ಇದಕ್ಕ ಲತೀಫಾ ಅಂತಾರ. ‘ಶಿವಶರಣಪ್ಪನವರ ಲತೀಫಾ’. ಹೆಂಗೈತಿ?"

"ಹೆಂಗೈತಿ ಅಂತ ನನಗ ಕೇಳಬ್ಯಾಡ. ನಮ್ಮ ಮನಿಯಾಕಿ ಆ ಹೆಸರ ನೋಡಿದ್ರ ಯಾವ ಓಣಿಯಾಕಿ ಅಂತ ಕೇಳ್ತಾಳ, ನಾ ಏನ ಹೇಳ್ಲಿ?"

ಆಗ ನನ್ನ ಬಾಯಿಂದ ಹೊರಬಿತ್ತು: "ಚಟಾಕಿ ಅಂತ ಹಾಕ್ರಿ. ನಗೆ ಚಟಾಕಿ."

ಶಿವಶರಣಪ್ಪ ನನ್ನ ಕಡೆ ತಿರುಗಿದ. ಅವನ ಮುಖ ಬೆಳ್ಳಿ ತಾಟು ಉಜ್ಜಿ ಇಟ್ಟ ಹಾಗೆ ಹೊಳೆಯಿತು.

"ಚಂದ್ರಕಾಂತ, ಏನ ಮಾತ ತಗದ್ಯೋ! ಜೋಕ ಹೇಳಬೇಕು. ಹನಿ ಸುರಸಬೇಕು. ಚುಟುಕು ಬರೀಬೇಕು. ಆದ್ರ ಚಟಾಕಿ? ಚಟಾಕಿ ಹಾರಸಬೇಕು! ಹಾರ್ತೈತದು! ಜಹೀರ, ಹಾಕು. ‘ನಗೆ ಚಟಾಕಿ ಹಾರಿಸಲಾಗುವುದು’. ಕೆಳಗ ನನ್ನ ಹೆಸರು, ಫೋನ ನಂಬರ. ಮದುವಿ, ಮುಂಜಿ, ಉದ್ಘಾಟನೆಗೆ ಕರೀರಿ ಅಂತ."

ಹೀಗೆ ಆ ಮಾತು ಅಚ್ಚಾಯಿತು. ಕಾರ್ಡಿನಲ್ಲಿ ಅಚ್ಚಾದದ್ದು ಸಾಲದೆ, ಅಂಗಡಿ ಬೋರ್ಡಿನಲ್ಲಿ ‘ಸ್ಟೀಲ್ ಮತ್ತು ಹಿತ್ತಾಳೆ ಪಾತ್ರೆಗಳು’ ಎಂಬುದರ ಕೆಳಗೆ ಕೆಂಪು ಬಣ್ಣದಲ್ಲಿ ‘ನಗೆ ಚಟಾಕಿ ಹಾರಿಸಲಾಗುವುದು’ ಎಂದೂ ಬರೆಸಿದ.

ಅವನ ತಾಯಿ ಶಂಕ್ರೆವ್ವ ಬೋರ್ಡನ್ನು ಯಾರಿಂದಲೋ ಓದಿಸಿಕೊಂಡು ಕೇಳಿದಳು: "ಅಲ್ಲೋ ಯಪ್ಪಾ, ಚಟಾಕು ಅಂದ್ರ ಹಿಂದಕ ಎಣ್ಣಿ ಅಳಿಯೂ ಮಾಪಲ್ಲೇನ? ಅಂಗೈಯಷ್ಟು ಎಣ್ಣಿ. ಇಷ್ಟ ಸಣ್ಣ ಮಾಪ ಯಾಕ ಬರಸೀದಿ? ಪಾವಶೇರ ಅಂತರ ಬರಸಬಾರದ?"

"ಅದು ಚಟಾಕ ಅಲ್ಲ ಬೇ, ಚಟಾಕಿ. ನಗಸೂದು."

"ನಗಸಾಕ ಯಾಕ ಬೋರ್ಡ ಬೇಕೋ? ನೀ ಬೋರ್ಡ ಕೆಳಗ ನಿಂತ್ರ ಸಾಕಲ್ಲ."

ಇದು ಶಿವಶರಣಪ್ಪನಿಗೆ ಹೊಗಳಿಕೆ ಎಂದೇ ಕೇಳಿಸಿತು.

ಆದರೆ ಹೆಂಡತಿ ವಿಜಯಲಕ್ಷ್ಮೀ ಹೀಗೆ ಸುಮ್ಮನೆ ಬಿಡುವ ಪೈಕಿ ಅಲ್ಲ. ನಾವೆಲ್ಲ ಅವಳನ್ನು ವಿಜಯಕ್ಕ ಎನ್ನುತ್ತೇವೆ. ಆಕೆಯ ಮಾತು ತೆಳ್ಳಗಿನ ಗೋಡೆಯನ್ನು ದಾಟಿ ಬರುವುದಿಲ್ಲ. ಗೋಡೆಯೇ ಅದಕ್ಕೆ ದಾರಿ ಬಿಡುತ್ತದೆ.

"ಲಗ್ನದ ಭಾಂಡೆ ತಗೊಳ್ಳಾಕ ಬಂದವರು ನಿಮ್ಮ ಜೋಕ ಕೇಳಿ ಎದುರ ಅಂಗಡಿಗೆ ಹೋಗ್ಯಾರ. ಇವತ್ತ ಸಂಜಿ ಒಳಗ ಆ ಬೋರ್ಡಿನ ಮ್ಯಾಲಿಂದು ಅಳಸ್ರಿ!"

"ಒಂದ ಅವಕಾಶ ಕೊಡ," ಎಂದ ಶಿವಶರಣಪ್ಪ. "ಯಾರರ ಕಾರ್ಯಕ್ರಮಕ್ಕ ಕರೀಲಿ. ನೀನೂ ಬಾ, ಕಣ್ಣಾರೆ ನೋಡು. ಅಲ್ಲಿ ಮಂದಿ ನಗಲಿಲ್ಲಂದ್ರ ನಾನ ನಿಚ್ಚಣಿಕಿ ಏರಿ ಅಳಸ್ತೇನಿ. ಮತ್ತ ಸಾಯೂತನಕ ಜೋಕ ಹೇಳೂದಿಲ್ಲ."

"ಖರೇನ?"

"ನಿನ್ನ ಆಣಿ."

"ನನ್ನ ಆಣಿ ಬ್ಯಾಡ. ನಿಮ್ಮ ಜೋಕಿನ ಆಣಿ ಮಾಡ್ರಿ. ಅದರ ಮ್ಯಾಲ ನಿಮಗ ಜೀವ."

ಅವನು ಜೋಕಿನ ಆಣೆ ಮಾಡಿದ. ಗೋಡೆಯ ಈ ಕಡೆ ನಾನು ಸಾಕ್ಷಿ.

ಇಲ್ಲಿ ಒಂದು ಸಂಗತಿ ಹೇಳಬೇಕು. ಪ್ರತಿ ದೀಪಾವಳಿಗೆ ಶಿವಶರಣಪ್ಪ ಭಾಂಡೆಗಳನ್ನು ಒಳಗೆ ಸರಿಸಿ, ಅಂಗಡಿ ಮುಂದೆ ಪಟಾಕಿ ಇಟ್ಟು ಮಾರುವ ರೂಢಿ. ಟಿಕೋಟಾ ಕಡೆಯ ಹಳ್ಳಿಗಳ ಮಂದಿಗೆ ಅವನು ಗೊತ್ತಿದ್ದದ್ದೇ ‘ಪಟಾಕಿ ಶಿವಶರಣಪ್ಪ’ ಅಂತ. ಹೀಗಾಗಿ ಬಿಜ್ಜರಗಿಯ ಅಮೋಘಸಿದ್ದನ ಕೈಗೆ ಆ ಕಾರ್ಡು ಸಿಕ್ಕಾಗ ಅವನು ಅದನ್ನು ಎರಡು ಸಲ ಓದಿ, ತನ್ನ ತಾಯಿ ಗುರುಬಾಯಿಗೆ ಹೇಳಿದನಂತೆ:

"ಯವ್ವಾ, ಈ ಪ್ರೆಸ್ಸಿನವರಿಗೆ ಕನ್ನಡ ಬರೂದುಲ್ಲ. ‘ಹೊಗೆ ಪಟಾಕಿ’ ಅಂತ ಹಾಕೂ ಬದ್ಲಿ ‘ನಗೆ ಚಟಾಕಿ’ ಅಂತ ಹಾಕ್ಯಾರ. ಎರಡ ಮಾತಿಗೆ ಎರಡು ತಪ್ಪು!"

ಅಮೋಘಸಿದ್ದ ದ್ರಾಕ್ಷಿ ತೋಟದವನು. ತೋಟ ಚಲೋ ನಡೆದಿದೆ, ಒಣದ್ರಾಕ್ಷಿ ಶೆಡ್ಡು ಇದೆ, ಮನೆ ತುಂಬ ಮಂದಿ. ಅವನ ತಂಗಿ ಸುಧಾರಾಣಿಯನ್ನು ಬಬಲೇಶ್ವರಕ್ಕೆ ಕೊಡುವುದಾಗಿತ್ತು. ನಿಶ್ಚಯಕ್ಕೆ ಇವರು ಬಬಲೇಶ್ವರಕ್ಕೆ ಹೋದಾಗ ಬೀಗರು ಎಂಥ ಪಟಾಕಿ ಹಾರಿಸಿದ್ದರೆಂದರೆ, ಆ ಊರ ನಾಯಿಗಳೆಲ್ಲ ಮಮದಾಪುರದ ದಾರಿ ಹಿಡಿದಿದ್ದವು. ಆಮೇಲೆ ಮದುಮಗನ ದೊಡ್ಡಪ್ಪ ಹಣಮಂತರಾಯರು ಮೀಸೆಯ ಮೇಲೆ ಕೈಯಿಟ್ಟು, "ನಿಮ್ಮ ಕಡೆ ಇಂಥಾವು ಸಿಗ್ತಾವೇನ್ರಿ?" ಎಂದು ಕೇಳಿದ್ದರು. ಕೇಳಿದ್ದು ಅಷ್ಟೇ. ಆದರೆ ಅಮೋಘಸಿದ್ದನಿಗೆ ಅಂದಿನಿಂದ ಊಟ ರುಚಿಸಿರಲಿಲ್ಲ. ಲಗ್ನದ ಹಿಂದಿನ ಸಂಜೆ ಬೀಗರನ್ನು ಎದುರುಗೊಳ್ಳುವಾಗ ಬಿಜ್ಜರಗಿಯ ಆಕಾಶ ಒಡೆಯಬೇಕು ಎಂದು ಅವನು ಹಟ ತೊಟ್ಟಿದ್ದ. ಕಾರ್ಡು ತೆಗೆದುಕೊಂಡು ಫೋನು ಹಚ್ಚಿಯೇಬಿಟ್ಟ.

ಆ ಫೋನು ಬಂದಾಗ ನಾನು ಶಿವಶರಣಪ್ಪನ ಮುಂದೆಯೇ ಚಹಾ ಕುಡಿಯುತ್ತ ಕುಳಿತಿದ್ದೆ. ಅವನು ಸ್ಪೀಕರು ಹಾಕಿದ, ವಿಜಯಕ್ಕನಿಗೂ ಕೇಳಲಿ ಅಂತ.

"ಅಣ್ಣಾರ, ನಿಮ್ಮ ಕಾರ್ಡ ನೋಡೇನಿ. ಬೀಗರನ್ನ ಎದುರುಗೊಳ್ಳೂಮುಂದ ನೀವ ಬಂದು ಹಾರಸಬೇಕ್ರಿ."

"ಹಾರಸ್ತೇನ್ರಿ! ಎಂಥಾವು ಬೇಕು, ಸಣ್ಣವೋ ದೊಡ್ಡವೋ?"

"ಮೊದಲ ಸಣ್ಣವು ಹಾರಸ್ರಿ, ಕಡೀಕ ದೊಡ್ಡವು. ಒಂದರ ಹಿಂದ ಒಂದ ಬರಬೇಕ್ರಿ, ನಡುವ ಉಸರ ತಗೊಳ್ಳಾಕ ಬಿಡಬಾರದು."

"ಏನ ಹೇಳಿದ್ರಿ! ಈ ಕಲಾ ತಿಳದವರು ನೀವ."

"ಹಳೇವ ತರಬ್ಯಾಡ್ರಿ ಮತ್ತ. ಹೋದ ವರ್ಷದ್ದು ತಂದವರು ನಮ್ಮ ಮಾನ ಕಳದಾರ."

"ಎಲ್ಲಾ ಹೊಸಾವು! ಯಾರೂ ಕೇಳಿರಬಾರದು, ಅಂಥಾವು."

ಫೋನು ಇಟ್ಟ ಶಿವಶರಣಪ್ಪ ಹೆಂಡತಿಯ ಕಡೆ ನೋಡಿದ ನೋಟವನ್ನು ನಾನು ಬರೆಯಲಾರೆ. ಊರು ಗೆದ್ದ ರಾಜನೂ ಹಾಗೆ ನೋಡಿರಲಿಕ್ಕಿಲ್ಲ. ಅಂದಿನಿಂದ ಅವನು ಅಂಗಡಿಯಲ್ಲಿ ನಿಂತು ಕೊಡಗಳ ಮುಂದೆ ರೂಢಿ ಮಾಡತೊಡಗಿದ. ಕೊಡಗಳು ಪ್ರತಿ ಜೋಕಿಗೂ ಗುಂಯ್ ಎಂದು ದನಿ ಕೊಟ್ಟವು.

ಹೊರಡುವ ದಿನ ಓಣಿಗೆ ಓಣಿಯೇ ಬಂದು ಬೀಳ್ಕೊಟ್ಟಿತು. ಬಾಡಿಗೆಗೆ ಹಿಡಿದ ಟಂಟಂ ರಿಕ್ಷಾದ ಮುಂದೆ ಬಟ್ಟೆಯ ಬ್ಯಾನರು: ‘ನಗೆ ಚಟಾಕಿ ಶಿವಶರಣಪ್ಪ, ಜೋರಾಪುರ ಪೇಟೆ’. ಒಳಗೆ ಅವನು, ವಿಜಯಕ್ಕ, ನಾನು, ಶಾಲು ಇಟ್ಟ ಒಂದು ಟ್ರಂಕು. ಶಂಕ್ರೆವ್ವ ಮಗನ ನೆಟಿಗೆ ಮುರಿದು, "ಯಪ್ಪಾ, ಮೊದಲ ಹೇಳು, ಆಮ್ಯಾಲ ನಗು," ಎಂದಳು. ಹಾಸ್ಯದ ಬಗ್ಗೆ ಇದಕ್ಕಿಂತ ದೊಡ್ಡ ಪಾಠ ನಾನು ಎಲ್ಲೂ ಕೇಳಿಲ್ಲ.

ಟಿಕೋಟಾ ಹತ್ತಿರ ಒಬ್ಬ ಪೊಲೀಸಪ್ಪ ಕೈ ಅಡ್ಡ ಹಾಕಿದ. ಬ್ಯಾನರನ್ನು ಕತ್ತು ವಾಲಿಸಿ ಓದಿದ.

"ಪಟಾಕಿ ಸಾಗಸಾಕ ಲೈಸನ್ಸ ಐತೇನ್ರಿ?"

"ಪಟಾಕಿ ಅಲ್ರಿ ಸಾಹೇಬ್ರ, ಚಟಾಕಿ."

"ಅದೂ ಹಾರೂದ ಹೌದಲ್ಲೋ? ಟ್ರಂಕ ತಗೀರಿ."

ಟ್ರಂಕಿನಲ್ಲಿ ಶಾಲು, ಅದರ ಕೆಳಗೆ ಬಾಚಣಿಗೆ. ಪೊಲೀಸಪ್ಪನಿಗೆ ಸಂಶಯ ಹೋಗಲಿಲ್ಲ.

"ಮಾಲ ಎಲ್ಲೈತಿ?"

ಶಿವಶರಣಪ್ಪ ತನ್ನ ಹಣೆಯನ್ನು ಮುಟ್ಟಿ ತೋರಿಸಿದ. "ಇಲ್ಲಿ ಐತ್ರಿ. ಚಟಾಕಿ ಅಂದ್ರ ಜೋಕ ರೀ. ಕೇಳಿದವರು ನಕ್ಕ ನಕ್ಕ ಬೀಳ್ತಾರ."

"ಹೌದಾ? ಒಂದ ಹಾರಿಸಿ ತೋರಸ್ರಿ."

ಶಿವಶರಣಪ್ಪ ಟಂಟಂನಿಂದ ಇಳಿದು, ಕಾಲರು ಸರಿ ಮಾಡಿಕೊಂಡು, ಕುಕ್ಕರಿನದನ್ನು ಹಾರಿಸಿದ. ನಡುವೆ ನಕ್ಕ, ಕೆಮ್ಮಿದ, ಕಣ್ಣೊರೆಸಿಕೊಂಡ, ಅಂತೂ ಮುಗಿಸಿದ. ಪೊಲೀಸಪ್ಪ ಕೊನೆಯ ತನಕ ಅಲುಗಾಡದೆ ಕೇಳಿ, ವಿಜಯಕ್ಕನ ಮುಖ ಒಮ್ಮೆ ನೋಡಿ, ಡ್ರೈವರನಿಗೆ ಕೈ ಮಾಡಿದ.

"ಹೋಗ್ರಿ, ಹೋಗ್ರಿ. ಇದರಿಂದ ಸಾರ್ವಜನಿಕರಿಗೆ ಏನೂ ಅಪಾಯ ಇಲ್ಲ."

ವಿಜಯಕ್ಕ ಕಿಟಕಿಯಿಂದ ಹೊರಗೆ ನೋಡುತ್ತ, "ಬೋರ್ಡ ಅಳಸಾಕ ಯಾವ ಎಣ್ಣಿ ಬೇಕಾಕ್ಕೈತಿ ಚಂದ್ರಣ್ಣ?" ಎಂದು ನನ್ನನ್ನು ಕೇಳಿದಳು. ನಾನು ದ್ರಾಕ್ಷಿ ತೋಟಗಳನ್ನು ನೋಡುತ್ತಿರುವವನ ಹಾಗೆ ನಟಿಸಿದೆ.

ಬಿಜ್ಜರಗಿಯಲ್ಲಿ ನಮಗೆ ಸಿಕ್ಕ ಮರ್ಯಾದೆ ಅಪರೂಪದ್ದು, ಸ್ವಲ್ಪ ವಿಚಿತ್ರದ್ದೂ ಹೌದು. ಅಮೋಘಸಿದ್ದ ಓಡಿ ಬಂದು ಕೈ ಹಿಡಿದುಕೊಂಡ. ಆದರೆ ಹಂದರದೊಳಗೆ ಕರೆಯದೆ, ಹುಲ್ಲಿನ ಬಣವಿಯಿಂದ ದೂರ, ಅಡಿಗೆ ಒಲೆಯಿಂದ ಇನ್ನೂ ದೂರ, ಬಯಲಿನಲ್ಲಿ ಕುರ್ಚಿ ಹಾಕಿಸಿದ. ನಮ್ಮ ಎರಡೂ ಬದಿಗೆ ನೀರು ತುಂಬಿದ ಕೊಡಗಳನ್ನು ತಂದಿಟ್ಟರು. ಬೀಡಿ ಸೇದುತ್ತ ಬಂದ ಮುದುಕನೊಬ್ಬನನ್ನು ನಾಲ್ಕು ಮಂದಿ, "ಏ ಯಪ್ಪಾ, ಆ ಕಡೆ, ಆ ಕಡೆ!" ಎಂದು ಅಟ್ಟಿಕೊಂಡು ಹೋದರು.

"ನೋಡಿದ್ಯಾ, ಕಲಾವಿದನ ಮುಂದ ಬೀಡಿನೂ ಸೇದೂದಿಲ್ಲ ಇವರು," ಎಂದು ಶಿವಶರಣಪ್ಪ ನನ್ನ ಕಿವಿಯಲ್ಲಿ ಹೇಳಿದ. "ಸಂಸ್ಕಾರ ಅಂದ್ರ ಇದು."

ಅಷ್ಟರಲ್ಲಿ ಗುರುಬಾಯಿ ಬಂದಳು. ಮದುವೆ ಮನೆಯ ಹಿರಿಯಳು, ದನಿ ಗಟ್ಟಿ, ಮನಸ್ಸು ಮೆತ್ತಗೆ.

"ಅಲ್ರಿ ಯಪ್ಪಾ, ಭಾಳ ಜೋರ ಇರ್ತಾವೇನ್ರಿ ನಿಮ್ಮವು?"

"ಏನ ಹೇಳ್ಲಿ ಯವ್ವಾ, ಮಂದಿ ಹೊಟ್ಟಿ ಹಿಡಕೊಂಡ ನೆಲಕ್ಕ ಬೀಳ್ತಾರ."

"ಅಯ್ಯ ಶಿವನ! ಮನ್ಯಾಗ ಬಾಣಂತಿ ಅದಾಳ್ರಿ, ಕೂಸೈತಿ."

"ಬಾಣಂತಿಗೆ ಕಿವ್ಯಾಗ ಹತ್ತಿ ಇಡಸಬ್ಯಾಡ್ರಿ ಮತ್ತ, ಮುಂದ ಕುಂದರಸ್ರಿ. ಮನಿಮಂದಿ ಎಲ್ಲಾ ಕೂಡಿ ಕೇಳೂವಂಥಾವು ನನ್ನವು. ಹೊಲಸ ಒಂದೂ ಇಲ್ಲ."

"ಹೊಲಸಂತೂ ಆಗ್ತೈತಿ ಬಿಡ್ರಿ," ಎಂದಳು ಗುರುಬಾಯಿ. "ನಾವು ಮುಂಜಾನೆದ್ದು ಕಸಾ ಹೊಡಕೊಂತೇವಿ."

ಶಿವಶರಣಪ್ಪ ಇದಕ್ಕೆ ಏನು ಅರ್ಥ ಮಾಡಿಕೊಂಡನೋ, ನಾನು ಕೇಳಲಿಲ್ಲ. ಹಳ್ಳಿಯವರ ಮಾತು ಆಳ ಇರುತ್ತದೆ ಎಂದಷ್ಟೇ ಹೇಳಿ ತಲೆದೂಗಿದ.

ಹೊತ್ತು ಇಳಿಯುವ ವೇಳೆಗೆ ಬೀಗರ ಗಾಡಿಗಳು ಬಂದವು. ಊರ ಬಾಗಿಲಲ್ಲಿ ನಿಂತವು. ಮುಂದಿನ ಗಾಡಿಯಲ್ಲಿ, ಡ್ರೈವರನ ಮಗ್ಗುಲಲ್ಲಿ ಹಣಮಂತರಾಯರು. ರುಮಾಲು, ಮೀಸೆ, ಗಂಭೀರ ಮುಖ. ಬ್ಯಾಂಡಿನವರು ಬಾರಿಸಿದರು, ಆರತಿ ಹಿಡಿದ ಹೆಂಗಸರು ಮುಂದೆ ಬಂದರು. ಹಣಮಂತರಾಯರು ಇಳಿಯಲಿಲ್ಲ.

"ಇಳೀರಿ ಬೀಗರ, ಇಳೀರಿ," ಎಂದ ಅಮೋಘಸಿದ್ದ ಕೈಮುಗಿದು.

"ಇಳಿಯೂಣಂತ. ಮೊದಲ ಸಪ್ಪಳ ಕೇಳಲಿ," ಎಂದರು ಹಣಮಂತರಾಯರು. "ನಿಮ್ಮೂರಿಗೆ ನಾವ ಬಂದೇವಿ ಅಂತ ನಮಗರ ಗೊತ್ತಾಗಬ್ಯಾಡೇನು?"

ಅಮೋಘಸಿದ್ದನ ಎದೆ ಉಬ್ಬಿತು. ಅವನು ನಮ್ಮ ಕಡೆ ತಿರುಗಿ, ಎರಡೂ ಕೈ ಮೇಲೆತ್ತಿ ಕೂಗಿದ: "ಅಣ್ಣಾರ, ಹಾರಸ್ರೀ!"

ಶಿವಶರಣಪ್ಪ ಎದ್ದ. ಶಾಲು ಸರಿಪಡಿಸಿಕೊಂಡ. ಬ್ಯಾಂಡಿನವರ ಗಾಡಿಯ ಮೈಕು ಕೈಗೆ ತೆಗೆದುಕೊಂಡ. ನಾನೂ ವಿಜಯಕ್ಕನೂ ಉಸಿರು ಬಿಗಿಹಿಡಿದೆವು. ಅಂಗಡಿಯ ಬೋರ್ಡಿನ ಕೆಂಪು ಅಕ್ಷರಗಳೆಲ್ಲ ಆ ಕ್ಷಣ ಆ ಮೈಕಿಗೆ ಜೋತುಬಿದ್ದಿದ್ದವು.

"ಬಬಲೇಶ್ವರದ ಬೀಗರಿಗೆ ಶರಣು ಶರಣಾರ್ಥಿ. ಈಗ ಮೊದಲನೇದ್ದು ಹಾರಸ್ತೇನಿ."

ಅಷ್ಟು ಕೇಳಿದ್ದೇ ತಡ, ಇಡೀ ಬಿಜ್ಜರಗಿ ಎರಡೂ ಕಿವಿಯಲ್ಲಿ ಬೆರಳು ತುರುಕಿಕೊಂಡಿತು! ಹೆಂಗಸರು ಕೂಸುಗಳ ತಲೆಯ ಮೇಲೆ ಸೆರಗು ಮುಚ್ಚಿದರು. ಬ್ಯಾಂಡಿನವರು ಗಾಡಿಯ ಹಿಂದೆ ಅಡಗಿದರು. ನಾನು ಸಾಕಷ್ಟು ಭಾಷಣ ಕೇಳಿದ್ದೇನೆ, ಭಾಷಣ ಕೇಳದೆ ಕಿವಿ ಮುಚ್ಚಿಕೊಂಡವರನ್ನೂ ನೋಡಿದ್ದೇನೆ. ಆದರೆ ಶುರುವಾಗುವ ಮೊದಲೇ ಊರಿಗೆ ಊರು ಮುಚ್ಚಿಕೊಂಡದ್ದನ್ನು ಅಂದೇ ನೋಡಿದ್ದು.

ಶಿವಶರಣಪ್ಪನಿಗೆ ಇದನ್ನು ಕಂಡು ಗಾಬರಿಯಾಯಿತು. ಗಾಬರಿಯಲ್ಲಿ ನಗುವುದು ಮರೆತುಹೋಯಿತು. ಜೀವಮಾನದಲ್ಲಿ ಮೊದಲ ಸಲ ಅವನು ಒಂದು ಜೋಕನ್ನು ನಡುವೆ ನಗದೆ, ತೊದಲದೆ, ಸ್ವಚ್ಛವಾಗಿ ಕಡೆಯ ತನಕ ಹೇಳಿದ:

"ದ್ರಾಕ್ಷಿಗೂ ಬೀಗರಿಗೂ ಏನ ಫರಕು? ದ್ರಾಕ್ಷಿ ಹುಳಿ ಇದ್ರ ಬಿಟ್ಟ ಹೋಗಬಹುದು. ಬೀಗರು ಹುಳಿ ಇದ್ರ ಬಿಡಾಕ ಬರೂದಿಲ್ಲ!"

ಬಿಜ್ಜರಗಿಯವರಿಗೆ ಕೇಳಿಸಿರಲಿಲ್ಲ. ಒಬ್ಬೊಬ್ಬರೇ ಮೆಲ್ಲಗೆ ಬೆರಳು ತೆಗೆದು, "ಹಾರಿತೇನ?" "ಠುಸ್ ಅಂದಂಗಾತಲ್ಲ" ಎಂದು ಪಿಸುಗುಟ್ಟಿದರು. ಕೇಳಿಸಿದ್ದು ಕಿವಿ ಮುಚ್ಚಿಕೊಳ್ಳದ ಬೀಗರಿಗೆ ಮಾತ್ರ.

ಹಣಮಂತರಾಯರ ಮೀಸೆ ನೆಟ್ಟಗಾಯಿತು. "ನಾವು ಹುಳಿ?" ಎಂದರು ಡ್ರೈವರನಿಗೆ. "ಗಾಡಿ ತಿರುವಲೇ."

ಎಂಜಿನು ಗುಡುಗುಟ್ಟಿತು. ಮನೆಯೊಳಗೆ ಸುಧಾರಾಣಿ ಕೈತುಂಬ ಮೆಹಂದಿ ಹಚ್ಚಿಕೊಂಡು ಕುಳಿತಿದ್ದಾಳೆ, ಊರ ಬಾಗಿಲಲ್ಲಿ ಅವಳ ಲಗ್ನ ಹಿಂದಕ್ಕೆ ತಿರುಗುತ್ತಿದೆ! ಅಮೋಘಸಿದ್ದ ಶಿವಶರಣಪ್ಪನ ಮೇಲೆ ಬೀಳುವಂತೆ ಓಡಿ ಬಂದ. ಮೈಕು ಇನ್ನೂ ಚಾಲೂ ಇತ್ತು. ಅವರಿಬ್ಬರ ಮಾತು ಬಿಜ್ಜರಗಿಯ ಮನೆಮನೆಗೂ ಕೇಳಿಸಿತು.

"ಅಣ್ಣಾರ, ಏನ ನಿಂತ ಮಾತಾಡಾಕತ್ತೀರಿ? ಹಚ್ಚರಿ!"

"ಏನ ಹಚ್ಚಲಿ?"

"ಬತ್ತಿ!"

"ಯಾರಿಗೆ?"

"ಪಟಾಕಿಗ್ರಿ! ಎಲ್ಲದಾವ ಪಟಾಕಿ?"

"ಯಾವ ಪಟಾಕಿ?"

"ನಿಮ್ಮ ಕಾರ್ಡಿನ್ಯಾಗ ಐತಲ್ರಿ, ಹೊಗೆ ಪಟಾಕಿ ಹಾರಿಸಲಾಗುವುದು ಅಂತ!"

"ಹೊಗೆ ಅಲ್ರಿ, ನಗೆ! ಪಟಾಕಿ ಅಲ್ರಿ, ಚಟಾಕಿ! ಚ ರೀ, ಚಮಚದ ಚ!"

"ಚಟಾಕಿ ಅಂದ್ರ ಏನದು?"

"ಸಣ್ಣ ಜೋಕ ರೀ."

"ಜೋಕ?" ಅಮೋಘಸಿದ್ದನ ದನಿ ಕೀರಲಾಯಿತು. "ಹಂಗಂದ್ರ ನೀವು ಆ ಟಂಟಂನ್ಯಾಗ ಪಟಾಕಿ ಒಂದೂ ತಂದಿಲ್ಲ?"

ಶಿವಶರಣಪ್ಪ ಪ್ರಾಮಾಣಿಕ ಮನುಷ್ಯ. ಕೇಳಿದ ಪ್ರಶ್ನೆಗೆ ಪೂರಾ ಉತ್ತರ ಕೊಡಬೇಕೆಂದು ಒಂದು ಕ್ಷಣ ವಿಚಾರ ಮಾಡಿದ. ಟಂಟಂ ಕಡೆ ನೋಡಿದ.

"ಇಲ್ಲರಿ," ಎಂದ. "ನಮ್ಮ ಮನಿಯಾಕಿ ಒಬ್ಬಾಕಿ ಅದಾಳ."

ಹಂದರದ ಕಡೆಯಿಂದ ಒಬ್ಬ ಹೆಂಗಸು ಕಿಸಕ್ಕೆಂದಳು. ಅದು ಸರಪಳಿಯ ಮೊದಲ ಪಟಾಕಿ. ಅದರ ಹಿಂದೆ ಹತ್ತು, ಹತ್ತರ ಹಿಂದೆ ಊರು. ಬೀಡಿ ಮುದುಕ ನಕ್ಕು ನಕ್ಕು ನೀರಿನ ಕೊಡದ ಮೇಲೆ ಕುಳಿತ. ಬ್ಯಾಂಡಿನವನು ನಗುತ್ತಲೇ ಕೊಂಬು ಊದಿದ್ದರಿಂದ ಅದು ಎಮ್ಮೆಯ ಹಾಗೆ ಕೂಗಿತು. ತಿರುಗುತ್ತಿದ್ದ ಗಾಡಿ ನಡುದಾರಿಯಲ್ಲೇ ನಿಂತಿತು. ಡ್ರೈವರನಿಗೆ ಸ್ಟೇರಿಂಗು ಹಿಡಿಯಲಿಕ್ಕೆ ಆಗುತ್ತಿರಲಿಲ್ಲ.

ಗಾಡಿಯೊಳಗಿನಿಂದ ಚಳಿಗಾಲದ ಟ್ರ್ಯಾಕ್ಟರು ಚಾಲೂ ಆಗುವಂಥ ಸದ್ದು ಬಂತು. ಒಮ್ಮೆ ಘರ್ರ್ ಎಂದು ನಿಂತಿತು. ಮತ್ತೆ ಘರ್ರ್ ಎಂದಿತು. ಮೂರನೆಯ ಸಲಕ್ಕೆ ಪೂರ್ತಿ ಹೊತ್ತಿಕೊಂಡಿತು. ಹಣಮಂತರಾಯರು ನಗುತ್ತಿದ್ದರು! ಒಳಗೆ ಉಸಿರು ಸಾಲದೆ ಬಾಗಿಲು ತೆರೆದು, ರುಮಾಲು ಕೈಯಲ್ಲಿ ಹಿಡಿದುಕೊಂಡು, ಕೆಳಗೆ ಇಳಿದೇಬಿಟ್ಟರು.

ಗುರುಬಾಯಿ ಕಾದು ನಿಂತವಳ ಹಾಗೆ ನುಗ್ಗಿ, ಅವರ ಕಾಲ ಮೇಲೆ ತಂಬಿಗೆ ನೀರು ಸುರಿದಳು. ಕಾಲಿಗೆ ನೀರು ಬಿದ್ದ ಮೇಲೆ ಬೀಗರು ಹಿಂದಕ್ಕೆ ಹೋಗುವುದುಂಟೆ?

"ಪಟಾಕಿ ನಾವೂ ಭಾಳ ಹಾರಿಸೇವಿ," ಎಂದರು ಹಣಮಂತರಾಯರು ಕಣ್ಣೊರೆಸಿಕೊಳ್ಳುತ್ತ, ಅಮೋಘಸಿದ್ದನ ಹೆಗಲ ಮೇಲೆ ಕೈಹಾಕಿ. "ಆದ್ರ ಇಂಥಾದ್ದು ನಮ್ಮ ಬಬಲೇಶ್ವರದಾಗ ಸಿಗೂದುಲ್ಲ ಬಿಡ್ರಿ. ಸೋತೇವಿ."

ಅಮೋಘಸಿದ್ದನ ಮುಖದಲ್ಲಿ ಅಷ್ಟು ದಿನದ ಹಸಿವೆಲ್ಲ ಒಮ್ಮೆಲೇ ಬಂದು ಕುಳಿತಿತು. ಅವನು ಅಂದು ಬೀಗರಿಗಿಂತ ಮೊದಲು ಉಂಡನೆಂದು ಆಮೇಲೆ ಕೇಳಿದೆ.

ಇಷ್ಟೆಲ್ಲ ಆಗುವಾಗ ಶಿವಶರಣಪ್ಪ ಒಬ್ಬನೇ ಮೈಕು ಹಿಡಿದು, ಸಿಟ್ಟಿನಲ್ಲಿ ಕೂಗುತ್ತಿದ್ದ: "ತಡೀರಿ! ನಗಬ್ಯಾಡ್ರಿ! ಅದು ಜೋಕ ಅಲ್ಲ! ಜೋಕ ಮುಂದೈತಿ!"

ಅವನು ಕೂಗಿದಷ್ಟೂ ಊರು ನಗುತ್ತಿತ್ತು.

ವಿಜಯಕ್ಕನ ಮುಖ ಮೊದಲು ಕೆಂಪಾಗಿತ್ತು. ಅವಳು ಸೆರಗು ಬಿಗಿದು ಗಂಡನ ಕಡೆ ಹೊರಟಾಗ, ಅಲ್ಲಿ ನಿಜವಾದ ಪಟಾಕಿ ಹಾರುತ್ತದೆ ಎಂದೇ ನಾನು ಅಂಜಿದ್ದೆ. ಅಷ್ಟರಲ್ಲಿ ಹೆಂಗಸರು ಅವಳನ್ನು ಸುತ್ತಿಕೊಂಡರು. "ಚಟಾಕಿ ಅವರ ಮನಿಯವರು ನೀವೇನ್ರಿ? ಬರ್ರಿ ಯಕ್ಕಾ, ಇಲ್ಲಿ ಕುಂದರ್ರಿ." ಒಬ್ಬಳು ಹೂ ಮುಡಿಸಿದಳು, ಇನ್ನೊಬ್ಬಳು ಉಡಿ ತುಂಬಿದಳು, ಬಬಲೇಶ್ವರದ ಬೀಗತಿ ತಾನೇ ಎದ್ದು ತನ್ನ ಚಾಪೆ ಬಿಟ್ಟುಕೊಟ್ಟಳು. "ಮನ್ಯಾಗೂ ಹಿಂಗ ನಗಸ್ತಾರೇನ್ರಿ?" ಎಂದು ಬಾಣಂತಿ ಕೇಳಿದಳು.

ವಿಜಯಕ್ಕ ಕತ್ತು ನೆಟ್ಟಗೆ ಮಾಡಿಕೊಂಡು ಅಂದಳು: "ದಿನಾ."

ಗೋಡೆಯ ಈ ಕಡೆ ಇರುವವನು ನಾನು. ಆದರೂ ಅಲ್ಲಿ ಬಾಯಿ ತೆರೆಯಲಿಲ್ಲ.

ಮರುದಿನ ಅಕ್ಷತೆ ಬಿದ್ದು, ಎರಡೂ ಮನೆಯವರ ಫೋಟೋ ತೆಗೆಯುವ ಹೊತ್ತು. ಫೋಟೋಗ್ರಾಫರನು "ಸ್ವಲ್ಪ ನಗ್ರಿ, ಸ್ವಲ್ಪ ನಗ್ರಿ" ಎಂದು ಎಷ್ಟು ಬೇಡಿಕೊಂಡರೂ, ಬೀಗರೆಂದರೆ ಬೀಗರು. ಕಲ್ಲಿನ ಹಾಗೆ ನಿಂತಿದ್ದರು. ಗುರುಬಾಯಿ ಕೂಗಿದಳು: "ಆ ಚಟಾಕಿ ಯಪ್ಪನ್ನ ಕರೀರಿ. ಕ್ಯಾಮೆರಾ ಹಿಂದ ನಿಂದರಸ್ರಿ." ವಿಜಯಕ್ಕನನ್ನೂ ಎಳೆದು ಮದುಮಗಳ ಮಗ್ಗುಲಲ್ಲಿ ನಿಲ್ಲಿಸಿದರು. ಶಿವಶರಣಪ್ಪ ಬಂದು ನಿಂತ. ಬಾಯಿ ತೆರೆದು, "ಒಂದ ಊರಾಗ..." ಎಂದ ಅಷ್ಟೇ.

ಫೋಟೋ ಬಂತು.

ಊರಿಗೆ ಮರಳಿದ ಸಂಜೆ ಶಿವಶರಣಪ್ಪ ಅಂಗಡಿ ಮುಂದೆ ನಿಚ್ಚಣಿಕೆ ಹಚ್ಚಿ, ಚಿಂದಿ ಬಟ್ಟೆ, ಸೀಮೆಎಣ್ಣೆ ಡಬ್ಬಿ ಹಿಡಿದು ಮೇಲೇರಿದ. ನಾನು ಹೊರಗೆ ಓಡಿ ಬಂದೆ.

"ಏನ ಮಾಡಾಕತ್ತೀದಿ ಮಾರಾಯ?"

"ಆಣಿ ಮಾಡೇನಿ ಚಂದ್ರಕಾಂತ. ಮಂದಿ ನನ್ನ ಜೋಕಿಗೆ ನಗಲಿಲ್ಲ. ಸುಳ್ಳ ನಗಿ ಮ್ಯಾಲ ಬೋರ್ಡ ಇಡಾಕ ನನ್ನ ಮನಸ ಒಪ್ಪೂದಿಲ್ಲ." ಓಣಿಯವರೆಲ್ಲ ಕೆಳಗೆ ನಿಂತು ನೋಡುತ್ತಿದ್ದರು. ನನಗೆ ಆ ಮನುಷ್ಯನ ಮೇಲೆ ಅಂದು ಬಂದಷ್ಟು ಅಭಿಮಾನ ಹಿಂದೆಂದೂ ಬಂದಿರಲಿಲ್ಲ.

ವಿಜಯಕ್ಕ ಒಳಗಿನಿಂದ ಬಂದು ನಿಚ್ಚಣಿಕೆಯ ಬುಡ ಹಿಡಿದಳು.

"ಒಂದ ಅಕ್ಷರ ಮುಟ್ಟಿದ್ರ ನಿಚ್ಚಣಿಕಿ ಎಳದ ಬಿಡ್ತೇನಿ ನೋಡ್ರಿ!"

"ಅಲ್ಲ, ನೀನ ಅಂದಿದ್ದಿ..."

"ಅಂದಿದ್ದೆ. ನನ್ನ ಬೀಗತೇರ ನಡುವ ಕುಂದರಿಸಿದ ಮಾತೈತಿ ಅದು. ಅಳಸಾಕ ನೀವ ಯಾರ? ಇಳೀರಿ ಕೆಳಗ!"

ಅವನು ಇಳಿದ. ಇಳಿಯುವ ಅವಸರದಲ್ಲಿ ಸೀಮೆಎಣ್ಣೆ ಡಬ್ಬಿ ಪರಾತದ ರಾಶಿಯ ಮೇಲೆ ಬಿದ್ದು, ಇಡೀ ಓಣಿಗೆ ಢಣ ಢಣ ಕೇಳಿಸಿತು.

ಕೆಲವು ದಿನದಲ್ಲಿ ಬಿಜ್ಜರಗಿಯಿಂದ ಆ ಫೋಟೋ ಕಟ್ಟು ಹಾಕಿಸಿ ಕಳಿಸಿದರು. ಈಗ ಅದು ಅಂಗಡಿಯಲ್ಲಿ, ಕುಕ್ಕರುಗಳ ಮೇಲಿನ ಗೋಡೆಗೆ ಇದೆ. ಮದುಮಗ, ಮದುಮಗಳು, ಗುರುಬಾಯಿ, ಅಮೋಘಸಿದ್ದ, ಎಲ್ಲರ ಹಲ್ಲೂ ಕಾಣುತ್ತವೆ. ಹಣಮಂತರಾಯರ ಮೀಸೆ ಎರಡು ಕಡೆಗೆ ಹಾರಿದೆ. ವಿಜಯಕ್ಕ ಬಾಯಿಗೆ ಸೆರಗು ಹಿಡಿದಿದ್ದಾಳೆ, ಆದರೆ ಕಣ್ಣು ಮುಚ್ಚಿಡಲಿಕ್ಕೆ ಆಗಿಲ್ಲ.

ಬಂದ ಗಿರಾಕಿಗೆಲ್ಲ ಶಿವಶರಣಪ್ಪ ಅದನ್ನು ತೋರಿಸುತ್ತಾನೆ. "ನೋಡ್ರಿ, ಇದು ನನ್ನ ಫೋಟೋ."

ಗಿರಾಕಿ ಹತ್ತಿರ ಹೋಗಿ, ಕನ್ನಡಕ ಏರಿಸಿ, ಮುಖ ಮುಖ ಹುಡುಕಿ ಕೇಳುತ್ತಾನೆ: "ಇದರಾಗ ನೀವೆಲ್ಲದೀರಿ?"

"ಅವರೆಲ್ಲಾ ಯಾರ ಕಡೆ ನೋಡಾಕತ್ತಾರ?" ಎನ್ನುತ್ತಾನೆ ಶಿವಶರಣಪ್ಪ. "ಅಲ್ಲಿ ನಾ ಅದೇನ್ರಿ."